ಕರಗದ ಔಷಧ ಮತ್ತು ಮಲೆನಾಡಿನ ತೇವ

ಹುಳುಕಡ್ಡಿಗೆ ಕೊಡುವ ಇಟ್ರಾಕೊನಜೋಲ್ ಕ್ಯಾಪ್ಸೂಲನ್ನು ಯಾವತ್ತಾದರೂ ಬಿಚ್ಚಿ ನೋಡಿದ್ದೀರಾ? ಇದರ ಮಾಮೂಲಿ ಕ್ಯಾಪ್ಸೂಲಿನ ಒಳಗೆ ಪುಡಿ ಇರುವುದಿಲ್ಲ. ಸಣ್ಣ ಸಣ್ಣ ಗುಂಡುಗಳಿರುತ್ತವೆ, ಪೆಲೆಟ್ ಅನ್ನುತ್ತೇವೆ. ಪ್ರತಿ ಗುಂಡಿನ ನಡುವೆ ಒಂದು ಸಕ್ಕರೆ ಕಾಳು, ಅದರ ಮೇಲೆ ಔಷಧ ಮತ್ತು ಎಚ್‌ಪಿಎಂಸಿ ಅನ್ನುವ ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ ವಸ್ತು) ಒಟ್ಟಿಗೆ ಸೇರಿದ ತೆಳುವಾದ ಪದರ. ಸಕಲೇಶಪುರ, ಮೂಡಿಗೆರೆ ಕಡೆ ತೋಟದ ಕೆಲಸದವರು ಮಳೆಗಾಲ ಪೂರ್ತಿ ಒದ್ದೆ ಬಟ್ಟೆಯಲ್ಲೇ ದಿನ ಕಳೆಯುತ್ತಾರೆ, ಹುಳುಕಡ್ಡಿ ಅವರನ್ನು ಬಿಡುವುದಿಲ್ಲ, ಹಾಗಾಗಿ ಈ ಕ್ಯಾಪ್ಸೂಲ್ ನಮ್ಮ ಕಡೆ ಎಲ್ಲ ಮೆಡಿಕಲ್ ಶಾಪ್‌ನಲ್ಲೂ ಇರುತ್ತದೆ. ಆದರೆ ಆ ತೆಳು ಪದರದಲ್ಲಿ ಏನು ನಡೆದಿದೆ ಅನ್ನುವುದು ಮಾರುವವರಿಗೂ ನುಂಗುವವರಿಗೂ ಗೊತ್ತಿರುವುದು ಕಡಿಮೆ. ನಾನು ಹಾಸನದಲ್ಲಿದ್ದು ಫಾರ್ಮ್ಯುಲೇಷನ್, ಅಂದರೆ ಔಷಧವನ್ನು ಮಾತ್ರೆ ಕ್ಯಾಪ್ಸೂಲ್ ಮಾಡುವ ಕೆಲಸವನ್ನೇ ಮಾಡುತ್ತೇನೆ, ಅದಕ್ಕೇ ಇದನ್ನು ಬಿಡಿಸಿ ಹೇಳಬೇಕು ಅನ್ನಿಸಿತು.

ಇಟ್ರಾಕೊನಜೋಲ್ ನೀರಿಗೆ ಸೇರುವುದೇ ಇಲ್ಲ ಎನ್ನಬಹುದು. ಆಮ್ಲವಿಲ್ಲದ ನೀರಿನಲ್ಲಿ ಒಂದು ಮಿಲಿಲೀಟರಿಗೆ ಸುಮಾರು 1 ನ್ಯಾನೋಗ್ರಾಂ ಮಾತ್ರ ಕರಗುತ್ತದೆ. ಲೆಕ್ಕ ಹಾಕಿ: 100 ಮಿಲಿಗ್ರಾಂ ಕರಗಬೇಕಾದರೆ ಒಂದು ಲಕ್ಷ ಲೀಟರ್ ನೀರು ಬೇಕು. ಹೊಟ್ಟೆಯ ಆಮ್ಲದಲ್ಲಿ ಇದರ ಸಾವಿರಾರು ಪಟ್ಟು ಜಾಸ್ತಿ ಕರಗುತ್ತದೆ ನಿಜ, ಆದರೂ ಹೊಟ್ಟೆಯಲ್ಲಿರುವ ಒಂದೆರಡು ಲೋಟ ದ್ರವಕ್ಕೆ ಅದೂ ಸಾಲದು. ಕರಗದ ಔಷಧ ರಕ್ತಕ್ಕೆ ಹೋಗುವುದಿಲ್ಲ. ಕರಗಿದ್ದರೆ ಕರುಳಿನ ಗೋಡೆ ದಾಟಲು ಇದಕ್ಕೆ ತೊಂದರೆಯೇ ಇಲ್ಲ, ಕರಗುವುದೇ ತೊಂದರೆ. 1995ರಲ್ಲಿ ಗಾರ್ಡನ್ ಅಮಿಡನ್ ಮತ್ತು ಜೊತೆಗಾರರು ಎಷ್ಟು ಕರಗುತ್ತವೆ, ಕರುಳನ್ನು ಎಷ್ಟು ದಾಟುತ್ತವೆ ಅಂತ ನೋಡಿ ಔಷಧಗಳನ್ನು ನಾಲ್ಕು ಗುಂಪು ಮಾಡಿದಾಗ ಇಂಥವು ಎರಡನೇ ಗುಂಪಿಗೆ ಬಂದವು. ಈಗ ಹೊಸದಾಗಿ ಹುಡುಕುತ್ತಿರುವ ಅಣುಗಳಲ್ಲಿ ಬಹಳಷ್ಟು ಇದೇ ಜಾತಿಯವು.

ಯಾಕೆ ಕರಗುವುದಿಲ್ಲ? ಇಟ್ರಾಕೊನಜೋಲ್ ಅಣುವಿಗೆ ಮೊದಲೇ ನೀರು ಅಂದರೆ ಆಗುವುದಿಲ್ಲ. ಅದರ ಮೇಲೆ ಹರಳಿನೊಳಗೆ ಅಣುಗಳು ಸಾಲಾಗಿ, ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು ಕೂತಿರುತ್ತವೆ. ಆ ಹಿಡಿತ ಬಿಡಿಸಲು ನೀರಿಗೆ ಶಕ್ತಿ ಸಾಲದು. ಹಾಗಾದರೆ ಬಿಡಿಸುವ ಕೆಲಸವನ್ನು ಕಾರ್ಖಾನೆಯಲ್ಲೇ ಮಾಡಿಬಿಟ್ಟರೆ? ಔಷಧವನ್ನು ನೀರಲ್ಲದ ಬೇರೆ ದ್ರಾವಕದಲ್ಲಿ ಕರಗಿಸಿ ತಟ್ಟನೆ ಒಣಗಿಸಿದರೆ, ಅಥವಾ ಕಾಯಿಸಿ ಬೇಗ ತಣಿಸಿದರೆ, ಅಣುಗಳಿಗೆ ಸಾಲು ಕಟ್ಟಲು ಸಮಯವೇ ಸಿಗುವುದಿಲ್ಲ. ಅಡ್ಡಾದಿಡ್ಡಿಯಾಗಿ ಇದ್ದಲ್ಲೇ ಗಟ್ಟಿಯಾಗುತ್ತವೆ. ಇದೇ ಅಮಾರ್ಫಸ್ ರೂಪ. ಹರಳಿಗಿಂತ ಇದು ಬೇಗ ಕರಗುತ್ತದೆ, ಜಾಸ್ತಿಯೂ ಕರಗುತ್ತದೆ.

ಅಷ್ಟಕ್ಕೇ ಕೆಲಸ ಮುಗಿಯುವಂತಿದ್ದರೆ ನಮ್ಮ ಕಸುಬು ಬಹಳ ಸುಲಭವಾಗುತ್ತಿತ್ತು. ಅಮಾರ್ಫಸ್ ಔಷಧ ಸುಮ್ನೆ ಇರುವುದಿಲ್ಲ. ಅವಕಾಶ ಸಿಕ್ಕ ತಕ್ಷಣ ಮತ್ತೆ ಹರಳಾಗುತ್ತದೆ. ಕೆಲವಕ್ಕೆ ವರ್ಷಗಳು ಬೇಕು, ಕೆಲವಕ್ಕೆ ವಾರಗಳು ಸಾಕು. ಪ್ರತಿಯೊಂದಕ್ಕೂ ಗ್ಲಾಸ್ ಟ್ರಾನ್ಸಿಷನ್ ತಾಪಮಾನ ಅಂತ ಇರುತ್ತದೆ, ಲ್ಯಾಬ್‌ನಲ್ಲಿ ನಾವು ಟಿಜಿ ಅನ್ನುತ್ತೇವೆ. ಅದಕ್ಕಿಂತ ಕೆಳಗೆ ಅಣುಗಳು ಹೆಚ್ಚುಕಡಿಮೆ ಅಲ್ಲಾಡುವುದಿಲ್ಲ. ಮೇಲೆ ಹೋದರೆ ವಸ್ತು ಮೆತ್ತಗಾಗಿ ಅಣುಗಳು ಓಡಾಡುತ್ತವೆ, ಹರಳು ಕಟ್ಟುತ್ತವೆ. ನೋವಿಗೆ ಕೊಡುವ ಇಂಡೊಮೆಥಾಸಿನ್‌ನ ಟಿಜಿ 42 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಇಟ್ರಾಕೊನಜೋಲ್‌ನದ್ದು 59ರ ಸುತ್ತ. ಇಡುವ ಜಾಗದ ಬಿಸಿ ಟಿಜಿಗಿಂತ 50 ಡಿಗ್ರಿಯಷ್ಟು ಕೆಳಗಿದ್ದರೆ ನಿಶ್ಚಿಂತೆ ಅಂತ ನಮ್ಮಲ್ಲೊಂದು ಲೆಕ್ಕವಿದೆ. ಆ ಲೆಕ್ಕದಲ್ಲಿ ಇವೆರಡನ್ನೂ ಒಂಟಿಯಾಗಿ ಕಪಾಟಿನಲ್ಲಿ ಇಡುವ ಹಾಗಿಲ್ಲ.

ಅದಕ್ಕೇ ಪಾಲಿಮರ್ ಬೇಕು. ಪಿವಿಪಿ, ಕೋಪೊವಿಡೋನ್, ಎಚ್‌ಪಿಎಂಸಿ, ಎಚ್‌ಪಿಎಂಸಿ-ಎಎಸ್, ಇವೇ ಹೆಚ್ಚು ಬಳಕೆಯಲ್ಲಿರುವವು. ಇವುಗಳ ಟಿಜಿ ಔಷಧಕ್ಕಿಂತ ಬಹಳ ಮೇಲಿರುತ್ತದೆ. ಮೊದಲು ಹೇಳಿದ ಗುಂಡಿನ ತೆಳು ಪದರದಲ್ಲಿರುವ ಹಾಗೆ ಅಣು ಅಣುವಾಗಿ ಔಷಧದ ಜೊತೆ ಬೆರೆತರೆ ಇಡೀ ಮಿಶ್ರಣದ ಟಿಜಿ ಮೇಲಕ್ಕೆ ಏರುತ್ತದೆ, ಜೊತೆಗೆ ಪಾಲಿಮರಿನ ಉದ್ದನೆ ಸರಪಳಿಗಳು ಔಷಧದ ಅಣುಗಳ ನಡುವೆ ನುಗ್ಗಿ ಅವು ಒಂದನ್ನೊಂದು ಸೇರದಂತೆ ತಡೆಯುತ್ತವೆ. ಮಾತ್ರೆಯ ಲೇಬಲ್ಲಿನಲ್ಲಿ ಔಷಧದ ಮಿಲಿಗ್ರಾಂ ಮಾತ್ರ ಕಾಣುತ್ತದೆ, ಪಾಲಿಮರನ್ನು ಕೇಳುವವರೇ ಇಲ್ಲ. ನನ್ನನ್ನು ಕೇಳಿದರೆ ಇಂಥ ಮಾತ್ರೆಯಲ್ಲಿ ಪಾಲಿಮರ್ ಔಷಧದಷ್ಟೇ ಮುಖ್ಯ. ಅದು ಕೈಕೊಟ್ಟರೆ 100 ಮಿಲಿಗ್ರಾಂ ಔಷಧ ಮಾತ್ರೆಯಲ್ಲಿ ಇದ್ದೂ ರೋಗಿಗೆ ಸಿಗುವುದಿಲ್ಲ.

ಪಾಲಿಮರಿಗೆ ಕರುಳಿನಲ್ಲೂ ಒಂದು ಕೆಲಸವಿದೆ, ಕಾಲೇಜಿನಿಂದ ಹೊಸದಾಗಿ ಬರುವ ಹುಡುಗರು ಮರೆಯುವುದು ಇದನ್ನೇ. ಅಮಾರ್ಫಸ್ ಔಷಧ ಕರಗಿದಾಗ ದ್ರವದಲ್ಲಿ ಇರಬೇಕಾದ್ದಕ್ಕಿಂತ ಜಾಸ್ತಿ ಔಷಧ ಸೇರಿಕೊಳ್ಳುತ್ತದೆ. ಆ ಹೆಚ್ಚುವರಿ ಭಾಗ ಹರಳಾಗಿ ತಳಕ್ಕೆ ಬೀಳಲು ಕಾಯುತ್ತಲೇ ಇರುತ್ತದೆ. ಅದು ಬೀಳುವ ಮುಂಚೆ ಕರುಳು ಹೀರಿಕೊಳ್ಳಬೇಕು, ಅಲ್ಲಿಯವರೆಗೆ ಹಿಡಿದಿಡುವುದು ಪಾಲಿಮರ್. ಡಿಸಲ್ಯೂಷನ್ ಗ್ರಾಫಿನಲ್ಲಿ (ಹೊತ್ತು ಹೋದಂತೆ ಎಷ್ಟು ಔಷಧ ಕರಗಿದೆ ಅಂತ ತೋರಿಸುವುದು) ಗೆರೆ ಐದು ನಿಮಿಷಕ್ಕೇ ಮೇಲೇರಿತು ಅಂತ ಖುಷಿಪಡುತ್ತಾರೆ, ಅರ್ಧ ಗಂಟೆಗೆ ಅದು ಕೆಳಗೆ ಬಿದ್ದದ್ದನ್ನು ನೋಡುವುದಿಲ್ಲ. ನಿಧಾನಕ್ಕೆ ಏರಿ ಎರಡು ಗಂಟೆ ನಿಲ್ಲುವ ಗೆರೆಯನ್ನೇ ನಾನು ಆರಿಸುತ್ತೇನೆ. ಹಾಗಂತ ಪಾಲಿಮರನ್ನು ಸುರಿಯುತ್ತಾ ಹೋಗುವಂತೆಯೂ ಇಲ್ಲ. ಮಾತ್ರೆ ದಪ್ಪವಾಗುತ್ತದೆ, ವಯಸ್ಸಾದವರಿಗೆ ನುಂಗಲು ಆಗುವುದಿಲ್ಲ.

ಇನ್ನು ತೇವದ ವಿಷಯ. ನಮ್ಮ ಊರುಗಳಿಗೆ ಇದೇ ದೊಡ್ಡದು. ಕಾಫಿ ನಾಡಿನಲ್ಲಿ ಫಿಲ್ಟರ್ ಕಾಫಿಯೇ ಜಾಸ್ತಿ, ಆದರೂ ಇನ್‌ಸ್ಟಂಟ್ ಪುಡಿಯ ಬಾಟಲಿಯೂ ಮನೆಯಲ್ಲಿ ಒಂದಿರುತ್ತದೆ ಅಲ್ವಾ? ಆರಿದ್ರಾ ಮಳೆಯಲ್ಲಿ ಅದರ ಮುಚ್ಚಳ ಸರಿಯಾಗಿ ಹಾಕದೆ ಬಿಟ್ಟರೆ ಪುಡಿಯೆಲ್ಲ ಅಂಟಿಕೊಂಡು ಗಟ್ಟಿಯಾಗುತ್ತದೆ. ಸ್ಪ್ರೇ ಡ್ರೈ ಮಾಡಿದ, ಅಂದರೆ ದ್ರವವನ್ನು ಬಿಸಿ ಗಾಳಿಗೆ ಸಿಂಪಡಿಸಿ ಒಣಗಿಸಿದ ಆ ಪುಡಿಯೂ ಅಮಾರ್ಫಸ್ಸೇ. ಮಾತ್ರೆಯಲ್ಲೂ ನಡೆಯುವುದು ಅದೇ. ನೀರಿನ ಟಿಜಿ ಸೊನ್ನೆಗಿಂತ 130 ಡಿಗ್ರಿಗೂ ಹೆಚ್ಚು ಕೆಳಗಿದೆ, ಹಾಗಾಗಿ ಚೂರು ನೀರು ಒಳಗೆ ಸೇರಿದರೂ ಇಡೀ ಮಿಶ್ರಣದ ಟಿಜಿ ಜಾರುತ್ತದೆ. ಪಿವಿಪಿ ನೀರನ್ನು ಚೆನ್ನಾಗಿ ಹೀರುತ್ತದೆ, ಎಚ್‌ಪಿಎಂಸಿ-ಎಎಸ್ ಅಷ್ಟು ಹೀರುವುದಿಲ್ಲ. ನೀರಿಗೆ ಆಗದ ಔಷಧ, ನೀರನ್ನು ಎಳೆದುಕೊಳ್ಳುವ ಪಾಲಿಮರ್, ನಡುವೆ ತೇವ ಬಂತು ಅಂದರೆ ಇಬ್ಬರೂ ಬೇರೆ ಬೇರೆಯಾಗುತ್ತಾರೆ. ಔಷಧ ಒಂದು ಕಡೆ ಗುಂಪುಗೂಡಿ ಹರಳಾಗುತ್ತದೆ.

ಚಿಕ್ಕಮಗಳೂರು ತಂಪು, ಔಷಧ ಇಡಲು ಒಳ್ಳೆಯ ಜಾಗ ಅಂತ ತುಂಬಾ ಜನ ನಂಬಿದ್ದಾರೆ. ಬಿಸಿಯ ಲೆಕ್ಕದಲ್ಲಿ ಸರಿ. ತೇವದ ಲೆಕ್ಕದಲ್ಲಿ ಪೂರ್ತಿ ತಪ್ಪು. ಭಾರತಕ್ಕೆಂದು ದೀರ್ಘಾವಧಿ ಸ್ಟೆಬಿಲಿಟಿ ಪರೀಕ್ಷೆ (ಔಷಧ ಎಷ್ಟು ದಿನ ಕೆಡದೆ ಇರುತ್ತದೆ ಅಂತ ನೋಡುವುದು) ಮಾಡುವುದು 30 ಡಿಗ್ರಿ ಮತ್ತು ಶೇ 70 ತೇವಾಂಶದಲ್ಲಿ. ಕೊಪ್ಪ, ಶೃಂಗೇರಿ ಕಡೆ ಜುಲೈನಲ್ಲಿ ಗಾಳಿಯ ತೇವಾಂಶ ಶೇ 90 ದಾಟುವುದು ಏನೂ ವಿಶೇಷವಲ್ಲ, ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಪರೀಕ್ಷೆ ನಡೆಯುವುದು ಮುಚ್ಚಿದ ಪ್ಯಾಕ್‌ನಲ್ಲಿ ಅನ್ನುವುದನ್ನೂ ನೆನಪಿಡಿ. ಅಲು-ಅಲು, ಅಂದರೆ ಎರಡೂ ಬದಿ ಅಲ್ಯೂಮಿನಿಯಂ ಹಾಳೆ ಇರುವ ಸ್ಟ್ರಿಪ್ಪಿನೊಳಗೆ ಇರುವವರೆಗೆ ಮಾತ್ರೆ ಕ್ಷೇಮ. ಬಿಡಿಸಿ ವಾರಕ್ಕಾಗುವಷ್ಟು ಡಬ್ಬಿಗೆ ತುಂಬಿಟ್ಟರೆ ಆ ರಕ್ಷಣೆ ಅಲ್ಲಿಗೇ ಮುಗಿಯಿತು. ಬಾಟಲಿಯಲ್ಲಿ ಬರುವ ಮಾತ್ರೆಯಾದರೆ ಸಿಲಿಕಾ ಜೆಲ್ ಚೀಟಿಯನ್ನು ಎಸೆಯಬೇಡಿ.

ಹರಳು ಎಷ್ಟು ಹಾನಿ ಮಾಡಬಲ್ಲದು ಅನ್ನುವುದಕ್ಕೆ ಎಚ್‌ಐವಿ ಔಷಧ ರಿಟೊನಾವಿರ್ ಇದೆ. 1996ರಲ್ಲಿ ಮಾರುಕಟ್ಟೆಗೆ ಬಂದ ಅದರ ಕ್ಯಾಪ್ಸೂಲಿನಲ್ಲಿ ಔಷಧವನ್ನು ಕರಗಿದ ರೂಪದಲ್ಲೇ ತುಂಬಿದ್ದರು. 1998ರಲ್ಲಿ ಯಾರೂ ನೋಡಿರದ, ಇನ್ನೂ ಕಡಿಮೆ ಕರಗುವ ಎರಡನೇ ಬಗೆಯ ಹರಳು ಅದರೊಳಗೆ ಹುಟ್ಟಿಕೊಂಡಿತು. ಕ್ಯಾಪ್ಸೂಲುಗಳು ಡಿಸಲ್ಯೂಷನ್ ಪರೀಕ್ಷೆಯಲ್ಲಿ ಬಿದ್ದವು, ಕಂಪನಿ ಅವನ್ನು ಹಿಂದಕ್ಕೆ ಪಡೆಯಬೇಕಾಯಿತು. ಮುಂದೆ 2005ರಲ್ಲಿ ಲೋಪಿನಾವಿರ್ ಅನ್ನುವ ಇನ್ನೊಂದು ಎಚ್‌ಐವಿ ಔಷಧದ ಜೊತೆ ಸೇರಿಸಿ, ಕೋಪೊವಿಡೋನ್‌ನಲ್ಲಿ ಕಾಯಿಸಿ ಬೆರೆಸಿ ಅಮಾರ್ಫಸ್ ಮಾತ್ರೆ ಮಾಡಿದರು. ಹಳೆಯ ಕ್ಯಾಪ್ಸೂಲಿಗೆ ಫ್ರಿಜ್ ಬೇಕಿತ್ತು, ಇದಕ್ಕೆ ಬೇಡ. ಕರೆಂಟೇ ಸರಿಯಾಗಿ ಇರದ ಹಳ್ಳಿಗಳಲ್ಲಿ ಔಷಧ ತೆಗೆದುಕೊಳ್ಳುವವರಿಗೆ ಅದೆಷ್ಟು ದೊಡ್ಡ ನೆರವು ಯೋಚಿಸಿ. ಈ ಕೆಲಸದ ಮೇಲೆ ನನಗೆ ಗೌರವ ಹುಟ್ಟಿದ್ದೇ ಇಂಥದ್ದನ್ನು ನೋಡಿ.

ಮತ್ತೆ ಇಟ್ರಾಕೊನಜೋಲಿಗೆ ಬರೋಣ. ಡಾಕ್ಟರ್ ಬರೆದುಕೊಟ್ಟಿದ್ದರೆ ಮಾಮೂಲಿ ಕ್ಯಾಪ್ಸೂಲನ್ನು ಹೊಟ್ಟೆ ತುಂಬ ಊಟ ಮಾಡಿದ ಕೂಡಲೇ ನುಂಗಬೇಕು. ಅದು ಕರಗಲು ಹೊಟ್ಟೆಯ ಆಮ್ಲ ಬೇಕು. ಬೆಳಿಗ್ಗೆ ಎದ್ದ ತಕ್ಷಣ ಗ್ಯಾಸ್ ಮಾತ್ರೆ ತೆಗೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಎಷ್ಟೋ ಜನಕ್ಕಿದೆ, ಪ್ಯಾಂಟೊಪ್ರಜೋಲ್ ಅಂಥದ್ದು ಆಮ್ಲವನ್ನೇ ತಗ್ಗಿಸುತ್ತದೆ, ಆಮೇಲೆ ಹುಳುಕಡ್ಡಿ ಔಷಧ ಕೆಲಸ ಮಾಡುತ್ತಿಲ್ಲ ಅಂತ ಬೇಜಾರಾಗುತ್ತಾರೆ. ನೀವು ಅಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಸುಬಾ ಅನ್ನುವ ಇನ್ನೊಂದು ಬಗೆಯೂ ಈಗ ಸಿಗುತ್ತದೆ. ಅದರಲ್ಲಿ ಬೇರೆ ಪಾಲಿಮರ್ ಇದೆ, ಅದು ಕರುಳಿನಲ್ಲಿ ಕರಗುವಂಥದ್ದು, ಹಾಗಾಗಿ ಊಟ ಮತ್ತು ಆಮ್ಲದ ಮೇಲಿನ ಅವಲಂಬನೆ ಕಡಿಮೆ. ಅದರ 65 ಮಿಲಿಗ್ರಾಂ ಮಾಮೂಲಿ 100 ಮಿಲಿಗ್ರಾಂ ಮಾಡುವ ಕೆಲಸಕ್ಕೆ ಸಾಕು. ಅಂದರೆ ಮೆಡಿಕಲ್ ಶಾಪ್‌ನಲ್ಲಿ ಒಂದು ಖಾಲಿಯಾಗಿದೆ ಅಂತ ಇನ್ನೊಂದನ್ನು ಹಾಗೇ ಕೊಡುವಂತಿಲ್ಲ, ಬರೆದುಕೊಟ್ಟ ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿಯೇ ಕೊಡಬೇಕು.