ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಒಳ್ಳೆಯ ಆಕ್ಷನ್ ಫಿಗರ್ ಯಾವುದು ಅಂತ ಹೇಗೆ ಗೊತ್ತಾಗುತ್ತೆ?

ಪ್ರಶ್ನೆ: ಸೈನ್ಸ್ ಫಿಕ್ಷನ್ ಪಾತ್ರಗಳ ಆಕ್ಷನ್ ಫಿಗರ್ ಸಂಗ್ರಹಿಸೋಕೆ ಈಗಷ್ಟೇ ಶುರು ಮಾಡಿದ್ದೇನೆ. ಒಂದೇ ಪಾತ್ರದ ಎರಡು ಫಿಗರ್ ನೋಡಿಟ್ಟಿದ್ದೇನೆ. ಫೋಟೋದಲ್ಲಿ ಹೆಚ್ಚು ಕಡಿಮೆ ಒಂದೇ ಥರ ಇವೆ, ಬೆಲೆ ಮಾತ್ರ ಒಂದಕ್ಕೆ ಇನ್ನೊಂದರ ಮೂರು ಪಟ್ಟು. ಜಾಸ್ತಿ ದುಡ್ಡು ಕೊಟ್ಟರೆ ಗುಣಮಟ್ಟವೂ ಜಾಸ್ತಿ ಇರುತ್ತಾ? ಏನು ನೋಡಿ ತೀರ್ಮಾನ ಮಾಡಬೇಕು?

ಮೊದಲು ಉತ್ತರ ಹೇಳಿಬಿಡುತ್ತೇನೆ: ಕೀಲುಗಳನ್ನು ನೋಡಿ. ಭುಜ, ಮೊಣಕೈ, ಸೊಂಟ, ಪಾದ. ಇವು ಎಷ್ಟು ತಿರುಗುತ್ತವೆ, ತಿರುಗಿಸಿದ ಜಾಗದಲ್ಲೇ ನಿಲ್ಲುತ್ತವಾ, ಯಾವ ಪ್ಲಾಸ್ಟಿಕ್ಕಿನಲ್ಲಿ ಮಾಡಿದ್ದಾರೆ ಅನ್ನೋದರ ಮೇಲೆ ಫಿಗರ್‌ನ ಮುಕ್ಕಾಲು ಪಾಲು ಯೋಗ್ಯತೆ ನಿಂತಿದೆ. ಮುಖ, ಬಣ್ಣ ಬೇಡ ಅಂತಲ್ಲ. ಅವು ಫೋಟೋದಲ್ಲೂ ಕಾಣುತ್ತವೆ, ಇಷ್ಟವಾಯಿತೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ. ಕೀಲಿನ ಗುಣ ಗೊತ್ತಾಗಬೇಕಾದರೆ ಕೈಗೆ ತಗೋಬೇಕು. ಹತ್ತು ವರ್ಷದ ನಂತರವೂ ಫಿಗರ್ ನೆಟ್ಟಗೆ ನಿಂತಿರುತ್ತದಾ ಅನ್ನೋದನ್ನು ತೀರ್ಮಾನಿಸುವುದೂ ಕೀಲೇ.

ಬೆಲೆ ಹೋಲಿಸೋ ಮೊದಲು ಅಳತೆ ಒಂದೇನಾ ಅಂತ ಖಚಿತ ಮಾಡಿಕೊಳ್ಳಿ. ಮೂರು ಅಳತೆಗಳು ಹೆಚ್ಚು ಬಳಕೆಯಲ್ಲಿವೆ. 3.75 ಇಂಚು, ಅಂದರೆ ಸುಮಾರು 9.5 ಸೆಂಟಿಮೀಟರ್, ಇದನ್ನು 1:18 ಅನ್ನುತ್ತಾರೆ, ಅಂದರೆ ಪಾತ್ರದ ನಿಜ ಎತ್ತರದ ಹದಿನೆಂಟನೇ ಒಂದು ಪಾಲು. 6 ಇಂಚಿನದು 1:12. 12 ಇಂಚಿನದು 1:6. ಹಾಟ್ ಟಾಯ್ಸ್‌ನಂಥ ಕಂಪನಿಗಳು ಮಾಡುವ 1:6 ಫಿಗರ್‌ಗಳಲ್ಲಿ ದುಡ್ಡೆಲ್ಲ ಹೊಲಿದ ಬಟ್ಟೆಗೆ, ಮುಖದ ಬಣ್ಣಕ್ಕೆ, ಬದಲಾಯಿಸಬಹುದಾದ ಕೈಗಳಿಗೆ ಹೋಗುತ್ತದೆ. ಕೀಲುಗಳು ಬಟ್ಟೆಯೊಳಗೆ ಅಡಗಿರುತ್ತವೆ. ಅದನ್ನು 6 ಇಂಚಿನ ಪ್ಲಾಸ್ಟಿಕ್ ಫಿಗರ್ ಪಕ್ಕ ಇಟ್ಟು ಯಾವುದು ಮೇಲು ಅಂತ ಕೇಳಿದರೆ ಉತ್ತರವೇ ಇಲ್ಲ.

ಕೀಲುಗಳ ಸಂಖ್ಯೆ ಕಡಿಮೆ ಇದ್ದರೆ ಕಳಪೆ ಅಂತಲೂ ಅಂದುಕೊಳ್ಳಬೇಡಿ. 1978ರಲ್ಲಿ ಕೆನ್ನರ್ ಕಂಪನಿ ಸ್ಟಾರ್ ವಾರ್ಸ್ ಫಿಗರ್‌ಗಳನ್ನು 3.75 ಇಂಚಿನ ಅಳತೆಯಲ್ಲಿ ಹೊರತಂದಿತು. ಮನುಷ್ಯರಂಥ ಪಾತ್ರಗಳಿಗೆಲ್ಲ ಐದೇ ಕೀಲು: ಕುತ್ತಿಗೆ, ಎರಡು ಭುಜ, ಎರಡು ತೊಡೆ. ಮೊಣಕೈ ಬಾಗುವುದಿಲ್ಲ. ಆ ಅಳತೆಯ ಲಾಭ ಅಂದರೆ ಅವು ಕೂರುವ ಗಗನನೌಕೆಗಳನ್ನೂ ಆಟಿಕೆಯಾಗಿ ಮಾಡಬಹುದಿತ್ತು. 12 ಇಂಚಿನ ಗೊಂಬೆ ಕೂರುವಷ್ಟು ದೊಡ್ಡ ನೌಕೆಯನ್ನು ಯಾರು ಮಾಡುತ್ತಾರೆ, ಯಾರು ಕೊಳ್ಳುತ್ತಾರೆ? ಆ ಫಿಗರ್‌ಗಳಲ್ಲಿ ಎಷ್ಟೋ ಇವತ್ತಿಗೂ ಗಟ್ಟಿಯಾಗಿ ಉಳಿದಿವೆ, ಮುರಿಯುವಂಥ ಸಣ್ಣ ಭಾಗ ಅವುಗಳಲ್ಲಿ ಕಡಿಮೆ. ಅವುಗಳ ಕೆಲಸ ಕಾಕ್‌ಪಿಟ್‌ನಲ್ಲಿ ಕೂರುವುದು. ಆ ಕೆಲಸವನ್ನು ಅವು ಚೆನ್ನಾಗಿ ಮಾಡುತ್ತವೆ.

ಇವತ್ತಿನ 6 ಇಂಚಿನ ಫಿಗರ್‌ನಿಂದ ನಾವು ಬೇರೆಯದನ್ನೇ ಕೇಳುತ್ತೇವೆ. ಆ ಪಾತ್ರ ತೆರೆಯ ಮೇಲೆ ನಿಲ್ಲುವ ಹಾಗೆ ಇದೂ ನಿಲ್ಲಬೇಕು. ಇದಕ್ಕೆ ನಾನು ನಂಬುವ ಪರೀಕ್ಷೆ ಒಂದಿದೆ. ಕವಚ ತೊಟ್ಟ ಸೈನಿಕನ ಫಿಗರ್ ತಗೊಳ್ಳಿ, ಉದ್ದ ಬಂದೂಕನ್ನು ಅದರ ಎರಡೂ ಕೈಗೆ ಹಿಡಿಸಿ, ಹಿಡಿ ಎದೆಯ ಹತ್ತಿರ ಬರಲಿ. ಸುಲಭ ಅನಿಸುತ್ತದೆ, ಅಲ್ವಾ? ಮಾಡಿ ನೋಡಿ. ಮೊಣಕೈಯಲ್ಲಿ ಒಂದೇ ಕೀಲಿದ್ದರೆ ಕೈ ಸಾಮಾನ್ಯವಾಗಿ 90 ಡಿಗ್ರಿಯ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಹಿಂದಿನ ಕೈ ಎದೆಗೆ ಬರಬೇಕಾದರೆ ಅದಕ್ಕಿಂತ ಜಾಸ್ತಿ ಮಡಚಬೇಕು, ಅದಕ್ಕೆ ಜೋಡಿ ಕೀಲು ಬೇಕು. ಮುಂದಿನ ಕೈ ನಳಿಕೆಯ ಕೆಳಗೆ ತಲುಪಬೇಕಾದರೆ ಭುಜವೇ ಸ್ವಲ್ಪ ಮುಂದಕ್ಕೆ ಜರುಗಬೇಕು. ಸಂಗ್ರಹಕಾರರು ಇದನ್ನು ಬಟರ್‌ಫ್ಲೈ ಜಾಯಿಂಟ್ ಅನ್ನುತ್ತಾರೆ. ಅದಿಲ್ಲದಿದ್ದರೆ ಎರಡು ಕೈ ಎದೆಯ ಮುಂದೆ ಸೇರುವುದೇ ಕಷ್ಟ. ಇನ್ನು ಮಣಿಕಟ್ಟು. ಬಂದೂಕಿನ ಕುದುರೆ (ಟ್ರಿಗರ್) ಹಿಡಿಯುವ ಕೈ ಮೇಲೆ ಕೆಳಗೆ ಬಾಗಬೇಕು. ಕೆಲವು ಫಿಗರ್‌ಗಳಲ್ಲಿ ಅದು ಒಳಗೆ ಹೊರಗೆ ಮಾತ್ರ ಬಾಗುತ್ತದೆ, ಆಗ ಬಂದೂಕಿನ ತುದಿ ನೆಲ ನೋಡುತ್ತದೆ. ಕೊನೆಗೆ ಭುಜದ ಕವಚ. ಅದನ್ನು ಎದೆಗೆ ಬಿಗಿಯಾಗಿ ಅಂಟಿಸಿದ್ದರೆ ತೋಳು ಅರ್ಧಕ್ಕೇ ತಡೆಯುತ್ತದೆ. ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ಮಾಡಿದ್ದರೆ, ಇಲ್ಲವೇ ಬೇರೆ ಗೂಟದ ಮೇಲೆ ಕೂರಿಸಿದ್ದರೆ ತೋಳಿನ ಜೊತೆಗೇ ಏಳುತ್ತದೆ. ಹೀಗೆ ಒಂದೇ ಭಂಗಿಯಲ್ಲಿ ವಿನ್ಯಾಸಕಾರರು ಎಷ್ಟು ಯೋಚನೆ ಮಾಡಿದ್ದಾರೆ ಅನ್ನೋದು ಪೂರ್ತಿ ಹೊರಬೀಳುತ್ತದೆ.

ಕಾಲಿನ ಪರೀಕ್ಷೆ ಇನ್ನೂ ಸರಳ. ಕಾಲು ಅಗಲಿಸಿ ನಿಲ್ಲಿಸಿ. ಪಾದ ಪಕ್ಕಕ್ಕೂ ವಾಲುವಂತಿದ್ದರೆ ಅಂಗಾಲು ಪೂರ್ತಿ ನೆಲಕ್ಕೆ ತಾಗುತ್ತದೆ. ಇಲ್ಲದಿದ್ದರೆ ಪಾದದ ಅಂಚಿನ ಮೇಲೆ ನಿಲ್ಲುತ್ತದೆ, ಕಪಾಟಿನ ಬಾಗಿಲು ಹಾಕಿದ ಅದುರಿಗೇ ಬೀಳುತ್ತದೆ.

ಕೀಲಿನ ಬಿಗಿ ನೋಡಲು ಮೇಲ್ದೋಳು ಹಿಡಿದು ಮುಂಗೈಯನ್ನು ನಿಧಾನಕ್ಕೆ ಮಡಚಿ. ಶುರುವಿನಿಂದ ಕೊನೆವರೆಗೆ ಒಂದೇ ಥರ ತಡೆ ಸಿಗಬೇಕು. ಮಧ್ಯೆ ಸಡಿಲವಾಗಿ ಆಮೇಲೆ ಬಿಗಿಯಾದರೆ ಕೀಲಿನೊಳಗಿನ ಗೂಟ ಸರಿಯಾಗಿ ದುಂಡಗಿಲ್ಲ. ತೂಕದ ರೋಬೋಟ್‌ಗಳಲ್ಲಿ ಕಟಕಟ ಅಂತ ಹಲ್ಲು ಹಲ್ಲಾಗಿ ಕೂರುವ ಕೀಲು ಇದ್ದರೆ ಒಳ್ಳೆಯದು, ಅದು ಬೇಗ ಸವೆದು ಸಡಿಲವಾಗುವುದಿಲ್ಲ. ಹೊಸ ಫಿಗರ್‌ನ ಕೀಲು ಜಗ್ಗದೇ ಇದ್ದರೆ ಒಳಗೆ ಬಣ್ಣ ಇಳಿದು ಅಂಟಿಕೊಂಡಿರಬಹುದು. ಬಲ ಹಾಕಬೇಡಿ. ಬಿಸಿನೀರಿನಲ್ಲಿ ಒಂದೆರಡು ನಿಮಿಷ ಅದ್ದಿಟ್ಟರೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಆಗ ಸ್ವಲ್ಪ ಸ್ವಲ್ಪವೇ ಆಡಿಸಿ. ಒಳಗೆ ದೀಪ, ಬ್ಯಾಟರಿ ಇರುವ ಫಿಗರ್‌ಗೆ ಮಾತ್ರ ನೀರು ತಾಗಿಸಬೇಡಿ. ತಿರುಚುವಾಗ ಗೂಟದ ಮೇಲೆ ಬಿಳಿ ಗೆರೆ ಕಂಡರೆ ತಕ್ಷಣ ನಿಲ್ಲಿಸಿ. ಪ್ಲಾಸ್ಟಿಕ್ ಒಳಗೊಳಗೇ ಸೀಳುತ್ತಿದೆ ಅಂತ ಅರ್ಥ.

ಪ್ಲಾಸ್ಟಿಕ್ ಅಂದರೆ ಎಲ್ಲ ಒಂದೇ ಅಲ್ಲ. ಗಡಸಾದ ಎಬಿಎಸ್‌ನಲ್ಲಿ ಅಂಚುಗಳು ಚೂಪಾಗಿ ಬರುತ್ತವೆ, ಅದಕ್ಕೇ ರೋಬೋಟ್, ಕವಚ, ಶಿರಸ್ತ್ರಾಣಗಳಿಗೆ ಅದನ್ನು ಹೆಚ್ಚು ಬಳಸುತ್ತಾರೆ. ಮುಖ, ಮೈ, ಕೊಳವೆ, ಮೇಲಂಗಿಗೆ ಮೆತ್ತನೆಯ ಪಿವಿಸಿ. ಚೆನ್ನಾಗಿ ಮಾಡಿದ ಫಿಗರ್‌ಗಳಲ್ಲಿ ಕೀಲಿನ ಗೂಟಕ್ಕೆ ಪಿಒಎಂ ಅನ್ನುವ ಪ್ಲಾಸ್ಟಿಕ್ ಇರುವುದುಂಟು. ಮುಟ್ಟಿದರೆ ನುಣ್ಣಗೆ ಜಾರುತ್ತದೆ, ಸವೆಯುವುದು ಕಡಿಮೆ. ಅದರ ಮೇಲೆ ಬಣ್ಣ ಸರಿಯಾಗಿ ಕೂರುವುದಿಲ್ಲ, ಹಾಗಾಗಿ ಬೇಕಾದ ಬಣ್ಣವನ್ನು ಪ್ಲಾಸ್ಟಿಕ್ಕಿಗೇ ಬೆರೆಸಿ ಎರಕ ಹೊಯ್ಯುತ್ತಾರೆ. ಪಾದದ ಕೀಲೂ ಮೆತ್ತನೆಯ ಪಿವಿಸಿ ಆಗಿದ್ದರೆ ಮೊದಲ ದಿನ ಚೆನ್ನಾಗೇ ನಿಲ್ಲುತ್ತದೆ. ಬೇಸಿಗೆಯ ಸೆಕೆಯಲ್ಲಿ ಮೈಭಾರಕ್ಕೆ ನಿಧಾನವಾಗಿ ಮುಂದಕ್ಕೆ ಬಾಗುತ್ತದೆ.

ಸೈನ್ಸ್ ಫಿಕ್ಷನ್ ಫಿಗರ್‌ಗಳಲ್ಲಿ ಪಾರದರ್ಶಕ ಭಾಗ ಜಾಸ್ತಿ. ಬೆಳಕಿನ ಕತ್ತಿ, ಕಣ್ಣಿನ ಮುಂದಿನ ಗಾಜು, ಎಂಜಿನ್ ಬಾಯಿಂದ ಚಿಮ್ಮುವ ಜ್ವಾಲೆ. ನೋಡೋಕೆ ಬಹಳ ಚೆಂದ. ಆದರೆ ಗಡಸು ಪಾರದರ್ಶಕ ಪ್ಲಾಸ್ಟಿಕ್ ಬಾಗುವ ಬದಲು ಬಿರುಕು ಬಿಡುತ್ತದೆ. ಅದನ್ನು ಕೀಲಾಗಿ ಬಳಸಿರುವ ಫಿಗರ್ ಕಂಡರೆ ನಾನು ಕೊಳ್ಳುವುದಿಲ್ಲ, ಮುಖ ಎಷ್ಟೇ ಚೆನ್ನಾಗಿರಲಿ. ಇನ್ನೊಂದು ಹಳೆಯ ಕಾಯಿಲೆ ಇದೆ. 1980ರ ದಶಕದ ಕೊನೆಯ ಕೆಲವು ಟ್ರಾನ್ಸ್‌ಫಾರ್ಮರ್ಸ್ ಆಟಿಕೆಗಳಲ್ಲಿ ಚಿನ್ನದ ಹೊಳಪಿನ ಕಣಗಳನ್ನು ಬೆರೆಸಿದ ಪ್ಲಾಸ್ಟಿಕ್ ಬಳಸಿದ್ದರು. ಕಾಲ ಕಳೆದಂತೆ ಅದು ಸುಮ್ನೆ ತಿರುಗಿಸಿದರೂ ಪುಡಿಯಾಗುತ್ತದೆ. ಡಬ್ಬದಿಂದ ಹೊರಗೇ ಬಾರದವುಗಳಿಗೂ ಈ ಕಾಟ ತಪ್ಪಿದ್ದಲ್ಲ. ಇದಕ್ಕೆ ಗೋಲ್ಡ್ ಪ್ಲಾಸ್ಟಿಕ್ ಸಿಂಡ್ರೋಮ್ ಅಂತಲೇ ಹೆಸರು ಬಿದ್ದಿದೆ. ಆ ಕಾಲದ ಚಿನ್ನದ ಬಣ್ಣದ ಆಟಿಕೆ ಕೊಳ್ಳುವಾಗ ಇದು ನೆನಪಿರಲಿ.

ತೂಕ ಇದ್ದರೆ ಗಟ್ಟಿ ಅನ್ನುವ ನಂಬಿಕೆ ಬಹಳ ಜನರಿಗಿದೆ. ಅದನ್ನು ನಾನು ಒಪ್ಪುವುದಿಲ್ಲ. ಸತುವಿನ ಮಿಶ್ರಲೋಹದ ಭಾಗ ಪಾದದಲ್ಲಿದ್ದರೆ ಲಾಭ, ಫಿಗರ್ ಅಲುಗದೆ ನಿಲ್ಲುತ್ತದೆ. ಅದೇ ತೂಕ ಎದೆಯಲ್ಲಿದ್ದು ಸೊಂಟದ ಕೀಲು ಸಾಧಾರಣ ಪ್ಲಾಸ್ಟಿಕ್ಕಿನದಾಗಿದ್ದರೆ ಕಾಲ ಕಳೆದಂತೆ ಸೊಂಟ ಕುಸಿಯಬಹುದು. ತೂಕ ಎಲ್ಲಿದೆ ಅನ್ನೋದನ್ನು ನೋಡಿ.

ಬಣ್ಣದ ವಿಷಯಕ್ಕೆ ಬಂದರೆ, ಗಡಿಗಳನ್ನು ನೋಡಿ. ಶಿರಸ್ತ್ರಾಣಕ್ಕೂ ಗಾಜಿಗೂ ನಡುವಿನ ಗೆರೆ, ಕುತ್ತಿಗೆ ಕಾಲರ್‌ಗೆ ಸೇರುವ ಜಾಗ. ಎರಡು ಕಣ್ಣೂ ಒಂದೇ ಕಡೆ ನೋಡುತ್ತಿವೆಯಾ ಅಂತ ನೋಡಿ. ಈಚೆಗೆ ಮುಖವನ್ನು ಸಣ್ಣ ಸಣ್ಣ ಬಣ್ಣದ ಚುಕ್ಕೆಗಳಲ್ಲಿ ಮುದ್ರಿಸುವ ವಿಧಾನ ಬಂದಿದೆ. ಒಂದು ಮಾರು ದೂರದಿಂದ ನೋಡಿದರೆ ನಿಜವಾದ ಚರ್ಮದ ಥರವೇ ಕಾಣುತ್ತದೆ. ಆದರೂ ಮುದ್ರಣ ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೆ ಪಾತ್ರದ ಮುಖಭಾವವೇ ಬದಲಾಗುತ್ತದೆ. ಒಂದೇ ಫಿಗರ್‌ನ ಮೂರು ನಾಲ್ಕು ಡಬ್ಬ ಎದುರಿಗಿದ್ದರೆ ಎಲ್ಲದರ ಮುಖ ನೋಡಿಯೇ ಆರಿಸಿ. ಕೀಲಿನ ಒಳಭಾಗವನ್ನೂ ಒಮ್ಮೆ ಇಣುಕಿ ನೋಡಿ. ಬೂದು ಕವಚದ ಮೊಣಕಾಲು ಮಡಚಿದಾಗ ಒಳಗೂ ಬೂದೇ ಕಂಡರೆ ತಯಾರಕರು ಶ್ರಮ ಪಟ್ಟಿದ್ದಾರೆ. ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಬೂದು ಬಣ್ಣ ಬಳಿದಿದ್ದರೆ ನಾಲ್ಕು ಸಲ ಮಡಚುವಷ್ಟರಲ್ಲಿ ಬಣ್ಣ ಕೆರೆದು ಹೋಗುತ್ತದೆ. ಕನ್ನಡಿಯಂತೆ ಹೊಳೆಯುವ ಕ್ರೋಮ್ ಲೇಪವನ್ನು ಬಟ್ಟೆಯಿಂದ ಉಜ್ಜಲೇಬೇಡಿ, ಅದು ಬಹಳ ತೆಳು.

ನೀವು ನೋಡಿದ ಫೋಟೋ ಕಂಪನಿಯದೇ ಆಗಿದ್ದರೆ ಅದನ್ನು ಪೂರ್ತಿ ನಂಬಬೇಡಿ. ಎಷ್ಟೋ ಸಲ ಅದು ಕೈಯಲ್ಲಿ ಬಣ್ಣ ಹಾಕಿದ ಮಾದರಿಯ ಚಿತ್ರ. ಕಾರ್ಖಾನೆಯಿಂದ ಸಾವಿರಗಟ್ಟಲೆ ಹೊರಬೀಳುವ ಫಿಗರ್ ಅಷ್ಟು ನಾಜೂಕಾಗಿರುವುದಿಲ್ಲ. ಕೊಂಡವರು ತೆಗೆದ ಚಿತ್ರ ಹುಡುಕಿ.

ಬೆಲೆ ತೀರಾ ಕಡಿಮೆ ಅನಿಸಿದರೆ ನಕಲಿಯ ಬಗ್ಗೆ ಯೋಚಿಸಬೇಕು. ಅಸಲಿಯಲ್ಲಿ ಸಾಮಾನ್ಯವಾಗಿ ಪಾದದಡಿ, ಬೆನ್ನು ಅಥವಾ ತೊಡೆಯ ಹಿಂದೆ ಹಕ್ಕುಸ್ವಾಮ್ಯದ ಗುರುತು, ಇಸವಿ ಅಚ್ಚಾಗಿರುತ್ತದೆ. ಎಷ್ಟೋ ನಕಲಿಗಳನ್ನು ಅಸಲಿ ಫಿಗರ್‌ನಿಂದಲೇ ಅಚ್ಚು ತೆಗೆದು ಮಾಡುತ್ತಾರೆ. ಪ್ಲಾಸ್ಟಿಕ್ ತಣಿಯುವಾಗ ಕುಗ್ಗುವುದರಿಂದ ಅಂಥವು ಅಸಲಿಗಿಂತ ಒಂದು ಚೂರು ಚಿಕ್ಕದಾಗಿರುತ್ತವೆ, ಸೂಕ್ಷ್ಮ ಗೆರೆಗಳು ಮಬ್ಬಾಗಿರುತ್ತವೆ. ಅಪರೂಪದ ಹಳೆಯ ವಸ್ತುಗಳಲ್ಲಿ ಇನ್ನೂ ಜಾಗ್ರತೆ ಬೇಕು. ಸ್ಟಾರ್ ವಾರ್ಸ್‌ನಲ್ಲಿ ಬರುವ ಜಾವಾ ಅನ್ನುವ ಪಾತ್ರದ ಕೆನ್ನರ್ ಫಿಗರ್‌ಗೆ ಮೊದಮೊದಲು ವಿನೈಲ್ ಮೇಲಂಗಿ ಇತ್ತು, ಬೇಗನೇ ಅದನ್ನು ಬಟ್ಟೆಗೆ ಬದಲಾಯಿಸಿದರು. ವಿನೈಲಿನದಕ್ಕೆ ಈಗ ಭಾರಿ ಬೆಲೆ, ಹಾಗಾಗಿ ನಕಲಿ ಮೇಲಂಗಿ ಹೊದಿಸಿ ಮಾರುವವರೂ ಇದ್ದಾರೆ. ಅನುಭವಿ ಸಂಗ್ರಹಕಾರರಿಗೆ ತೋರಿಸದೆ ಅಂಥದ್ದನ್ನು ಕೊಳ್ಳಬಾರದು.

ಎಎಫ್‌ಎ (ಆಕ್ಷನ್ ಫಿಗರ್ ಅಥಾರಿಟಿ) ಥರದ ಸಂಸ್ಥೆಗಳು ಫಿಗರ್‌ಗೆ ನೂರರ ಮೇಲೆ ಅಂಕ ಕೊಟ್ಟು ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚುತ್ತವೆ. ಡಬ್ಬದೊಳಗಿನ ಫಿಗರ್ ಆದರೆ ಆ ಅಂಕ ರಟ್ಟು, ಪಾರದರ್ಶಕ ಕವಚ, ಹೊರಗಿನಿಂದ ಕಾಣುವ ಬಣ್ಣದ ಸ್ಥಿತಿಗೆ ಸಿಕ್ಕಿದ್ದು. ಮರುಮಾರಾಟಕ್ಕೆ ಉಪಯೋಗ. ಕೀಲಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಹಾಗಾದರೆ ಮೂರು ಪಟ್ಟು ಬೆಲೆಗೆ ಏನು ಸಿಗುತ್ತದೆ? ಅಳತೆ ಒಂದೇ ಆಗಿದ್ದರೆ ಹೆಚ್ಚು ಕೀಲು, ನಾಲ್ಕೈದು ಜೊತೆ ಬದಲಿ ಕೈ, ಅಚ್ಚುಕಟ್ಟಾದ ಬಣ್ಣ ಸಿಗುತ್ತದೆ. ಬಂದೈನ ಎಸ್.ಎಚ್. ಫಿಗ್ಯುಆರ್ಟ್ಸ್, ಮ್ಯಾಕ್ಸ್ ಫ್ಯಾಕ್ಟರಿಯ ಫಿಗ್ಮಾ ಸರಣಿಗಳಲ್ಲಿ ಇದನ್ನೇ ಕಾಣುತ್ತೀರಿ. ಬಾಳಿಕೆ ಮಾತ್ರ ಮೂರು ಪಟ್ಟು ಸಿಗುತ್ತದೆ ಅನ್ನುವ ಹಾಗಿಲ್ಲ. ಕೀಲು ಹೆಚ್ಚಿದಷ್ಟೂ ಗೂಟಗಳು ತೆಳ್ಳಗಾಗುತ್ತವೆ, ಕೈ ಬದಲಾಯಿಸುವಾಗ ಮಣಿಕಟ್ಟಿನ ಗೂಟ ಮುರಿಯುವ ಸಾಧ್ಯತೆ ಇದ್ದೇ ಇದೆ. ವಾರಕ್ಕೊಮ್ಮೆ ಭಂಗಿ ಬದಲಾಯಿಸಿ ಖುಷಿ ಪಡುವವರು ನೀವಾದರೆ ಆ ದುಡ್ಡು ಕೊಡಿ, ಸಾರ್ಥಕ. ಒಂದು ಸಲ ನಿಲ್ಲಿಸಿ ನೋಡುತ್ತಾ ಇರುವವರಿಗೆ, ಮಕ್ಕಳ ಕೈಗೂ ಕೊಡುವವರಿಗೆ ಹಾಸ್‌ಬ್ರೋದ ಬ್ಲ್ಯಾಕ್ ಸೀರೀಸ್‌ನಂಥ ಸಾಧಾರಣ ಬೆಲೆಯದೇ ಹೆಚ್ಚು ಹೊಂದುತ್ತದೆ.

ಡಬ್ಬ ತೆರೆಯಬೇಕಾ ಅಂತಲೂ ಬಹಳ ಜನ ಕೇಳುತ್ತಾರೆ. ಮಾರುವ ಯೋಚನೆ ಇಲ್ಲದಿದ್ದರೆ ತೆರೆಯಿರಿ ಅಂತಲೇ ಹೇಳುತ್ತೇನೆ. ಪಿವಿಸಿಯನ್ನು ಮೆತ್ತಗೆ ಇಡಲು ಸೇರಿಸಿದ ರಾಸಾಯನಿಕ ವರ್ಷಗಳು ಕಳೆದಂತೆ ಹೊರಗೆ ಒಸರುತ್ತದೆ. ಗಾಳಿಯಾಡದ ಡಬ್ಬದಲ್ಲಿ ಅದು ಮೇಲ್ಮೈಯಲ್ಲೇ ಉಳಿದು ಫಿಗರ್ ಜಿಗುಟಾಗುತ್ತದೆ. ಹಾಗಾಗಿದ್ದರೆ ಸೌಮ್ಯವಾದ ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಮೆತ್ತನೆಯ ಬ್ರಷ್‌ನಿಂದ ತೊಳೆದು, ಕೀಲುಗಳ ಸಂದಿಯೂ ಆರುವವರೆಗೆ ನೆರಳಲ್ಲಿ ಬಿಡಿ. ಬಿಸಿಲಿಗೆ ಇಡಬೇಡಿ, ಬಿಳಿ ಕವಚ ಹಳದಿಯಾಗುತ್ತದೆ. ದೀಪ ಹೊತ್ತುವ ಫಿಗರ್ ಆದರೆ ಬಟನ್ ಬ್ಯಾಟರಿ ತೆಗೆದಿಡಿ, ಸೋರಿದರೆ ಒಳಗಿನ ಲೋಹದ ಪಟ್ಟಿಯನ್ನೇ ತಿಂದುಹಾಕುತ್ತದೆ.