ದುಡ್ಡು ನಮ್ಮದು, ಆಟ ಯಾರದು?

2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದಾಗ ದಾವಣಗೆರೆಯಲ್ಲಿ ಎರಡು ಥರದ ಮಾತು ಕೇಳಿಬಂತು. ಅಪ್ಪ ಅಮ್ಮಂದಿರು 'ಸದ್ಯ, ಗೇಮ್ ಎಲ್ಲಾ ಬಂದ್ ಆಯ್ತಲ್ಲ' ಎಂದು ಉಸಿರು ಬಿಟ್ಟರು. ಬಿಐಇಟಿ, ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜುಗಳ ಕಡೆಯ ಹಾಸ್ಟೆಲ್ ಹುಡುಗರು ಫೋನಿನಲ್ಲಿ ಆಡುವ ಗುಂಡಿನ ಕಾಳಗದ ಆಟ ನೆನೆದು 'ಬಿಜಿಎಂಐನೂ ಹೋಯ್ತಾ?' ಎಂದು ಗಾಬರಿಯಾದರು. ಇಬ್ಬರ ಲೆಕ್ಕವೂ ತಪ್ಪಿತ್ತು. ಆ ಕಾಯ್ದೆ ನಿಲ್ಲಿಸಿದ್ದು ದುಡ್ಡು ಕಟ್ಟಿ ಆಡುವ ಆಟವನ್ನು. ದುಡ್ಡು ಕೊಟ್ಟು ಕೊಳ್ಳುವ ಆಟದ ತಂಟೆಗೆ ಅದು ಹೋಗಿಲ್ಲ. ಈ ಎರಡು ಕಥೆ ಒಂದಕ್ಕೊಂದು ಸುತ್ತಿಕೊಂಡಿರುವುದರಿಂದಲೇ ಇಷ್ಟು ಗೊಂದಲ.

ಕೊಳ್ಳುವ ಆಟದಿಂದ ಶುರು ಮಾಡೋಣ. ಟಿವಿಗೆ ಸಿಕ್ಕಿಸುವ ಕ್ಯಾಸೆಟ್ ಹೋಗಿ ಸಿಡಿ ಬಂತು, ಕಾಲೇಜುಗಳ ಸುತ್ತ ಸೈಬರ್ ಸೆಂಟರ್‌ಗಳು ಬಂದವು, ಗಂಟೆ ಲೆಕ್ಕದಲ್ಲಿ ಕೌಂಟರ್ ಸ್ಟ್ರೈಕ್ ಆಡಿದ ಒಂದು ತಲೆಮಾರು ಈಗ ಇಎಂಐ ಕಟ್ಟುತ್ತಿದೆ. ಆಗಿನ ಸಿಡಿಗಳಲ್ಲಿ ಪೈರಸಿ ಮಾಲೇ ಜಾಸ್ತಿ. ಕಂಪನಿಗಳ ಸಿಟ್ಟಿಗೂ ಕಾರಣ ಇತ್ತು. ಆದರೆ ಅಸಲಿ ಸಿಡಿ ತಂದವರಿಗೆ ಅದು ಪೂರ್ತಿ ಅವರದೇ ಆಗಿರುತ್ತಿತ್ತು. ಗೆಳೆಯನಿಗೆ ಕೊಡಬಹುದಿತ್ತು, ಮಾರಬಹುದಿತ್ತು. ಕಂಪನಿ ಮುಳುಗಿದರೂ ಆಟ ಓಡುತ್ತಿತ್ತು.

2004ರಲ್ಲಿ 'ಹಾಫ್ ಲೈಫ್ 2' ಬಂತು. ಅಂಗಡಿಯಲ್ಲಿ ಡಬ್ಬಿ ಕೊಂಡು ತಂದರೂ ಸ್ಟೀಮ್ ಎಂಬ ಆನ್‌ಲೈನ್ ಖಾತೆ ಇಲ್ಲದೆ ಅದು ತೆರೆದುಕೊಳ್ಳಲಿಲ್ಲ. 2006ರಲ್ಲಿ 'ಆಬ್ಲಿವಿಯನ್' ಆಟದ ಕುದುರೆಗೆ ಒಂದು ಕವಚ ಮಾರಾಟಕ್ಕೆ ಬಂತು. ಬೆಲೆ ಎರಡೂವರೆ ಡಾಲರ್. ಅದರಿಂದ ಆಟಕ್ಕೆ ಹೆಚ್ಚೇನೂ ಪ್ರಯೋಜನ ಇರಲಿಲ್ಲ, ಜನ ಗೇಲಿ ಮಾಡಿದರು. ಆಟ ಮಾರಿದ ಮೇಲೂ ಅದರೊಳಗೆ ಸಾಮಾನು ಮಾರುತ್ತಾ ಇರಬಹುದು ಎಂಬುದು ಮಾತ್ರ ಎಲ್ಲ ಕಂಪನಿಗಳಿಗೂ ತಿಳಿದುಹೋಯಿತು.

ನಮ್ಮ ಕಡೆ ಇದು ಮನೆಮನೆಗೆ ತಲುಪಿದ್ದು 2016ರಲ್ಲಿ ಡೇಟಾ ಅಗ್ಗವಾದ ಮೇಲೆ. 2018ರಲ್ಲಿ ಪಬ್‌ಜಿ ಮೊಬೈಲ್ ಬಂತು. ಆಟ ಪುಕ್ಕಟೆ, ಖರ್ಚೆಲ್ಲ ಒಳಗೆ. ಯುಸಿ ಎಂಬ ಆಟದ ನಾಣ್ಯ ಹಾಕಿಸಿಕೊಳ್ಳಬೇಕು, ಬಹುಮಾನಗಳ ರಾಯಲ್ ಪಾಸ್ ತಗೋಬೇಕು, ಗನ್ನಿಗೆ ಸ್ಕಿನ್ ಎಂಬ ಬಣ್ಣದ ಹೊದಿಕೆ, ಮೈಗೆ ಡ್ರೆಸ್. ಕ್ರೇಟ್ ಎಂಬ ಪೆಟ್ಟಿಗೆ ತೆಗೆದರೆ ಏನು ಸಿಗುತ್ತದೆ ಎಂಬುದು ಅದೃಷ್ಟ. ಇಂಥ ಅದೃಷ್ಟದ ಪೆಟ್ಟಿಗೆಗಳು ಜೂಜಿನ ಕಾನೂನಿನಡಿ ಬರುತ್ತವೆ ಎಂದು ಬೆಲ್ಜಿಯಂ ದೇಶ 2018ರಲ್ಲೇ ಹೇಳಿತ್ತು. ಇಲ್ಲಿ ಅದು ಸುದ್ದಿಯೇ ಆಗಲಿಲ್ಲ. ಪಾಕೆಟ್ ಮನಿ ಹೋಗುತ್ತಿತ್ತು, ಮಕ್ಕಳು ಅಮ್ಮನ ಫೋನಿನಿಂದ ಕಳಿಸಿದ್ದೂ ಉಂಟು.

2020ರ ಸೆಪ್ಟೆಂಬರ್ 2ರಂದು ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಅದರಲ್ಲಿ ಪಬ್‌ಜಿಯೂ ಇತ್ತು. ಕಾರಣ ಚೀನಾದ ನಂಟು, ದೇಶದ ಭದ್ರತೆ. 2021ರ ಜುಲೈನಲ್ಲಿ ಅದೇ ಆಟ ಕೊರಿಯಾದ ಕಂಪನಿಯಿಂದ ಬಿಜಿಎಂಐ ಎಂಬ ಹೆಸರಲ್ಲಿ ಬಂತು. 2022ರ ಫೆಬ್ರವರಿಯಲ್ಲಿ ಅಂಥದೇ ಇನ್ನೊಂದು ಆಟ ಫ್ರೀ ಫೈರ್ ಬ್ಯಾನ್ ಆಯಿತು, ಅದರದೇ ಇನ್ನೊಂದು ರೂಪ ಫ್ರೀ ಫೈರ್ ಮ್ಯಾಕ್ಸ್ ಉಳಿಯಿತು. ಯಾಕೆ ಅಂತ ಕೇಳಬೇಡಿ. ಅದೇ ವರ್ಷದ ಜುಲೈನಲ್ಲಿ ಬಿಜಿಎಂಐ ಆ್ಯಪ್ ಸ್ಟೋರ್‌ಗಳಿಂದ ಮಾಯವಾಯಿತು, 2023ರ ಮೇನಲ್ಲಿ ಮತ್ತೆ ಬಂತು. ಈ ಹಗ್ಗಜಗ್ಗಾಟದಲ್ಲಿ ಸರ್ಕಾರ ಇತ್ತು, ಕಂಪನಿ ಇತ್ತು. ಒಳಗೆ ದುಡ್ಡು ಹಾಕಿದ ಹುಡುಗನನ್ನು ಯಾರೂ ಏನೂ ಕೇಳಲಿಲ್ಲ. ಹಳೆ ಖಾತೆಯ ಸಾಮಾನನ್ನು ಹೊಸದಕ್ಕೆ ತಂದುಕೊಳ್ಳಲು ಸ್ವಲ್ಪ ಕಾಲ ಬಿಟ್ಟರು ನಿಜ. ಅದು ಕಂಪನಿಯ ದೊಡ್ಡ ಮನಸ್ಸು ಅಷ್ಟೇ. ಬಿಡದಿದ್ದರೆ ಯಾರನ್ನು ಕೇಳುವುದು? ಇಂಥ ಆಟಗಳ ಷರತ್ತುಗಳಲ್ಲಿ ಸಾಮಾನ್ಯವಾಗಿ ಇರುವುದೇ ಹೀಗೆ: ಕೊಟ್ಟಿರುವುದು ಬಳಸುವ ಅನುಮತಿ ಮಾತ್ರ, ಅದನ್ನು ವಾಪಸ್ ಪಡೆಯಬಹುದು. ನಾವೆಲ್ಲ ಓದದೆ ಒಪ್ಪಿಗೆ ಒತ್ತಿದ್ದೇವೆ.

ಈ ದುಡ್ಡಿನಲ್ಲಿ ಆ್ಯಪ್ ಸ್ಟೋರ್‌ಗೂ ಪಾಲಿದೆ. ಬಹಳ ಕಾಲ ಅದು ನೂರಕ್ಕೆ 30 ರೂಪಾಯಿ ಇತ್ತು. ನಮ್ಮ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ದಲ್ಲಾಳಿ ಎಷ್ಟು ಹಿಡಿಯಬಹುದು, ಯಾರಿಂದ ಹಿಡಿಯಬಹುದು ಅಂತ ಕಾಯ್ದೆ ಇದೆ. ಪಾಲಿಸುವುದು ಬಿಡುವುದು ಬೇರೆ ಮಾತು. ಸ್ಟೋರ್‌ನ ದರವನ್ನು ಸ್ಟೋರ್‌ನವರೇ ಬರೆದುಕೊಂಡರು. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಪ್ಲೇ ಸ್ಟೋರ್‌ನ ಪಾವತಿ ನಿಯಮಗಳಿಗಾಗಿ ಗೂಗಲ್‌ಗೆ 936 ಕೋಟಿ ದಂಡ ಹಾಕಿತು. ಮೇಲ್ಮನವಿಯಲ್ಲಿ ಅದು ಸುಮಾರು 216 ಕೋಟಿಗೆ ಇಳಿಯಿತು.

ಇನ್ನು ಕಟ್ಟುವ ಆಟ. ಓಸಿ, ಅಂದರೆ ನಂಬರ್ ಮೇಲೆ ದುಡ್ಡು ಕಟ್ಟುವ ಮಟ್ಕಾ, ಬರೆಸಿದ ಊರು ನಮ್ಮದು. ಸಿಂಗಲ್ ನಂಬರ್ ಲಾಟರಿ ಮನೆಗಳನ್ನು ತಿಂದದ್ದನ್ನೂ ಕಂಡಿದ್ದೇವೆ. ರಮ್ಮಿ ಹೆಚ್ಚಾಗಿ ಕೌಶಲ್ಯದ ಆಟ ಎಂದು ಸುಪ್ರೀಂ ಕೋರ್ಟ್ 1968ರಲ್ಲಿ ಹೇಳಿತ್ತು. ಕ್ಲಬ್ಬಿನ ಇಸ್ಪೀಟಿಗೆ ಹೇಳಿದ ಆ ಮಾತು ಅರ್ಧ ಶತಮಾನದ ನಂತರ ಫೋನಿನ ರಮ್ಮಿಗೂ ಗುರಾಣಿಯಾಯಿತು. ಕರ್ನಾಟಕ 2021ರ ಅಕ್ಟೋಬರ್‌ನಲ್ಲಿ ದುಡ್ಡು ಕಟ್ಟುವ ಆನ್‌ಲೈನ್ ಆಟಗಳಿಗೆ ನಿಷೇಧ ತಂದಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 2023ರ ಅಕ್ಟೋಬರ್‌ನಿಂದ ಕಟ್ಟಿದ ದುಡ್ಡಿನ ಮೇಲೆ ಶೇ. 28 ಜಿಎಸ್‌ಟಿ ಬಂತು. ಅದೇ ವರ್ಷ ಭಾರತ ಕ್ರಿಕೆಟ್ ತಂಡದ ಜೆರ್ಸಿಯ ಮೇಲೆ ಇಂಥದೇ ಒಂದು ಆ್ಯಪ್‌ನ ಹೆಸರು ಮಿಂಚುತ್ತಿತ್ತು. ಕೊನೆಗೆ 2025ರಲ್ಲಿ ಲೋಕಸಭೆ ಒಂದು ದಿನ, ರಾಜ್ಯಸಭೆ ಮರುದಿನ ಮಸೂದೆ ಒಪ್ಪಿದವು. ವರ್ಷಗಟ್ಟಲೆ ಎಳೆದದ್ದು ಎರಡು ದಿನದಲ್ಲಿ ಮುಗಿಯಿತು.

ನಿಯಮ ಯಾವಾಗ ಬೇಗ ಆಗುತ್ತದೆ, ಯಾವಾಗ ತಡ ಆಗುತ್ತದೆ? ಇಲ್ಲಿ ರಾಜಕೀಯ ಬರುತ್ತದೆ. ನಿಯಮ ಮಾಡುವ ಪಕ್ಷಗಳಿಗೆ ಕಂಪನಿಗಳೂ ದೇಣಿಗೆ ಕೊಡುತ್ತವೆ. ಕಂಪನಿಯೊಂದು ಮೂರು ವರ್ಷದ ಸರಾಸರಿ ಲಾಭದ ಶೇ. 7.5ಕ್ಕಿಂತ ಹೆಚ್ಚು ದೇಣಿಗೆಯನ್ನು ಪಕ್ಷಗಳಿಗೆ ಕೊಡುವಂತಿರಲಿಲ್ಲ. 2017ರಲ್ಲಿ ಆ ಮಿತಿ ತೆಗೆದರು. 2018ರಿಂದ ಚುನಾವಣಾ ಬಾಂಡ್ ಬಂತು. ಯಾರು ಯಾರಿಗೆ ಕೊಟ್ಟರೆಂದು ಮತದಾರನಿಗೆ ತಿಳಿಯದ ಹಾಗೆ ಆರು ವರ್ಷ ನಡೆಯಿತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಬಾಂಡನ್ನೂ, ಮಿತಿ ತೆಗೆದ ತಿದ್ದುಪಡಿಯನ್ನೂ ಹೊಡೆದುಹಾಕಿತು.

ಜನ ಕೂಗಿದರೆ ಕೇಳುವುದೇ ಇಲ್ಲ ಅಂತಲೂ ಅಲ್ಲ. ಕೆಲವೇ ಜಾಲತಾಣಗಳನ್ನು ಪುಕ್ಕಟೆ ಕೊಡುವ ಯೋಜನೆಗಳ ಗಲಾಟೆ ಎದ್ದಾಗ, 2015ರಲ್ಲಿ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ಗೆ 10 ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. 2016ರ ಫೆಬ್ರವರಿಯಲ್ಲಿ ಟ್ರಾಯ್ ಅಂಥ ದರಗಳನ್ನು ನಿಷೇಧಿಸಿತು. ಯುರೋಪಿನಲ್ಲೂ ಜನ ದನಿ ಎತ್ತಿದರು. 2014ರ 'ದಿ ಕ್ರ್ಯೂ' ಎಂಬ ಕಾರ್ ಆಟವನ್ನು ನಡೆಸುವ ಕಂಪನಿಯ ಕಂಪ್ಯೂಟರ್, ಅಂದರೆ ಸರ್ವರ್, 2024ರ ಮಾರ್ಚ್ ಕೊನೆಗೆ ನಿಂತಿತು. ಒಬ್ಬರೇ ಆಡಲೂ ಆಗದಂತಾಯಿತು. 'ಆಟ ಕೊಲ್ಲಬೇಡಿ' ಎಂಬ ಅಭಿಯಾನ ಎದ್ದು, 2025ರ ಜುಲೈನಲ್ಲಿ ಸಹಿಗಳು 10 ಲಕ್ಷ ದಾಟಿದವು.

ನಮ್ಮ 2025ರ ಕಾಯ್ದೆ ಪಂದ್ಯವಾಗಿ ಆಡುವ ವಿಡಿಯೊ ಆಟಕ್ಕೆ, ಅಂದರೆ ಇ-ಸ್ಪೋರ್ಟ್ಸ್‌ಗೆ, ಮಾನ್ಯತೆ ಕೊಟ್ಟಿದೆ. ಸರ್ವರ್ ನಿಂತರೆ ಕೊಂಡವರ ಗತಿ ಏನು ಎಂಬುದು ಅದರ ವಿಷಯವೇ ಅಲ್ಲ. ಸದ್ಯಕ್ಕೆ ಕೈಯಲ್ಲಿರುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆ. ಕಂಪನಿ ಎಲ್ಲೇ ಇರಲಿ, ದೂರು ಕೊಡುವವರು ತಾವು ಇರುವ ಜಿಲ್ಲೆಯಲ್ಲೇ, ಅಂದರೆ ದಾವಣಗೆರೆಯಲ್ಲೇ, ದೂರು ಕೊಡಬಹುದು. ಕೊಟ್ಟ ದುಡ್ಡು 5 ಲಕ್ಷದವರೆಗೆ ಇದ್ದರೆ ಶುಲ್ಕವೂ ಇಲ್ಲ. ಆದರೆ 'ಈ ಷರತ್ತೇ ಅನ್ಯಾಯದ್ದು' ಎಂದು ವಾದಿಸಬೇಕಾದರೆ ಜಿಲ್ಲಾ ಆಯೋಗ ಸಾಲದು, ಬೆಂಗಳೂರಿನ ರಾಜ್ಯ ಆಯೋಗಕ್ಕೆ ಹೋಗಬೇಕು. ಒಂದು ಸ್ಕಿನ್‌ಗಾಗಿ ಅಲ್ಲಿವರೆಗೆ ಯಾರು ಹೋಗುತ್ತಾರೆ, ಅಲ್ವಾ? ಷರತ್ತು ಬರೆದವರಿಗೂ ಅದು ಚೆನ್ನಾಗಿ ಗೊತ್ತು.