ಫಾಂಟಿಗೂ ಒಂದು ಸೊಪ್ಪಿನ ಬೆಟ್ಟ

ಸಾಗರ, ಹೊಸನಗರದ ಅಡಿಕೆ ಬೆಳೆಗಾರರಿಗೆ ಸೊಪ್ಪಿನ ಬೆಟ್ಟದ ಲೆಕ್ಕ ಹೇಳಿಕೊಡಬೇಕಿಲ್ಲ. ತೋಟಕ್ಕೆ ಸೊಪ್ಪು, ದರಗು ತರಬಹುದು. ಹಾಗಂತ ಬೆಟ್ಟ ನಮ್ಮದಾಗುವುದಿಲ್ಲ, ಮರ ಕಡಿದು ಮಾರುವಂತೆಯೂ ಇಲ್ಲ. ಕಂಪ್ಯೂಟರಿನಲ್ಲಿ ಕೂತಿರುವ ಎಷ್ಟೋ ಫಾಂಟುಗಳು ಇದೇ ಜಾತಿಯವು. ವಿಂಡೋಸ್ ಜೊತೆ ಬರುವ ತುಂಗಾದಲ್ಲಿ ಪತ್ರ ಬರೆದು ಮುದ್ರಿಸಬಹುದು. ಅಡಿಕೆ ಮಂಡಿಯ ಲೆಕ್ಕಕ್ಕೆಂದು ನೀವು ಬರೆದ ಮುಕ್ತ ತಂತ್ರಾಂಶದೊಳಗೆ ಅದರ ಕಡತವನ್ನಿಟ್ಟು ಊರಿಗೆಲ್ಲ ಹಂಚುವಂತಿಲ್ಲ.

ಗೊಂದಲದ ಮೂಲ 'ಉಚಿತ' ಎಂಬ ಪದ. ದುಡ್ಡು ಕೊಡದೆ ಸಿಕ್ಕಿತು ಎಂದರೆ ಅಷ್ಟೇ ಅರ್ಥ. ಮುಕ್ತ ತಂತ್ರಾಂಶದೊಳಗೆ ಸೇರುವ ಫಾಂಟನ್ನು ಯಾವ ಕೆಲಸಕ್ಕಾದರೂ ಬಳಸಲು, ತಿದ್ದಲು, ತಿದ್ದಿದ್ದನ್ನು ಮತ್ತೆ ಹಂಚಲು ಲಿಖಿತ ಅನುಮತಿ ಇರಬೇಕು. 'ವೈಯಕ್ತಿಕ ಬಳಕೆಗೆ ಮಾತ್ರ' ಎಂದಿದ್ದರೆ ಅಲ್ಲಿಗೆ ಮುಗಿಯಿತು: ಮಂಡಿಯವರು ಬಳಸುವುದೇ ವ್ಯಾಪಾರಕ್ಕೆ. ಲಿನಕ್ಸ್ ಹಂಚುವ ಡೆಬಿಯನ್ ಯೋಜನೆಯ 1997ರ ಮುಕ್ತ ತಂತ್ರಾಂಶ ಮಾರ್ಗಸೂಚಿಯೂ ಇಂಥ ಷರತ್ತನ್ನು ಒಪ್ಪುವುದಿಲ್ಲ.

ಮೊದಲು ಫಾಂಟಿನ ಹೊಟ್ಟೆಯೊಳಗೆ ನೋಡಿ. ಫಾಂಟ್ ತಿದ್ದುವ ತಂತ್ರಾಂಶವಾದ ಫಾಂಟ್‌ಫೋರ್ಜ್‌ನಲ್ಲಿ ಕಡತ ತೆರೆದು 'ಎಲಿಮೆಂಟ್' ಮೆನುವಿನ 'ಫಾಂಟ್ ಇನ್ಫೋ'ಗೆ ಹೋದರೆ 'ಟಿಟಿಎಫ್ ನೇಮ್ಸ್' ಎಂಬ ಪಟ್ಟಿ ಸಿಗುತ್ತದೆ. ಅದರ ಸಾಲುಗಳಿಗೆ ಫಾಂಟ್ ಮಾನದಂಡ ಕೊಟ್ಟ ಸಂಖ್ಯೆಯಂತೆ 0ನೆಯದು ಹಕ್ಕುಸ್ವಾಮ್ಯ, 13ನೆಯದು ಪರವಾನಗಿಯ ವಿವರ, 14ನೆಯದು ಅದರ ಜಾಲವಿಳಾಸ. 13 ಖಾಲಿಯಿದ್ದರೆ ಅನುಮತಿ ಇದೆ ಎಂದು ಊಹಿಸಬೇಡಿ. ಎಂಬೆಡಿಂಗ್ ಅನುಮತಿಯನ್ನು ಸೂಚಿಸುವ ಅಂಕಿ 0 ಇರುವುದನ್ನು ಕಂಡು ಹಿಗ್ಗುವವರಿದ್ದಾರೆ. ಆ 0 ಹೇಳುವುದು ಪಿಡಿಎಫ್‌ನಂಥ ದಾಖಲೆಯೊಳಗೆ ಫಾಂಟನ್ನು ಅಡಕ ಮಾಡುವ ಬಗ್ಗೆ. ಫಾಂಟಿನ ಕಡತವನ್ನೇ ಹಂಚುವುದಕ್ಕೆ ಅದು ಸಾಲದು.

ಸದ್ಯ ಎಲ್ಲಕ್ಕಿಂತ ತಲೆನೋವು ಕಡಿಮೆ ಇರುವುದು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್‌ನ 2007ರ ಆವೃತ್ತಿ, 1.1. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಎರಡೂ ಇದರಡಿ ಸಿಗುತ್ತವೆ. ಫಾಂಟನ್ನು ಬಿಡಿಯಾಗಿ ಮಾರುವಂತಿಲ್ಲ, ತಂತ್ರಾಂಶದ ಜೊತೆ ಕೊಡಬಹುದು. ನಿಮ್ಮ ತಂತ್ರಾಂಶದ ಪರವಾನಗಿ ಬೇರೆಯೇ ಇರಲಿ, ಅಡ್ಡಿಯಿಲ್ಲ.

ಎಡವುವುದು ಹೆಸರಿನಲ್ಲಿ. ಹಕ್ಕುಸ್ವಾಮ್ಯದ ಸಾಲಿನಲ್ಲಿ 'ರಿಸರ್ವ್ಡ್ ಫಾಂಟ್ ನೇಮ್' ಎಂದಿದ್ದರೆ, ತಿದ್ದಿದ ಫಾಂಟಿಗೆ ಆ ಹೆಸರು ಇಡುವಂತಿಲ್ಲ. ಗಾತ್ರ ಇಳಿಸಲೆಂದು ಲ್ಯಾಟಿನ್ ಅಕ್ಷರಗಳನ್ನು ಕಿತ್ತರೂ ಅದು ತಿದ್ದುಪಡಿಯೇ. ಮೂಲ ಕರ್ತೃವಿನ ಲಿಖಿತ ಒಪ್ಪಿಗೆ ಇಲ್ಲವೆಂದರೆ ಹೆಸರು ಬದಲಿಸಿ. ಅಕ್ಷರ ಕೀಳುವಾಗ ಇನ್ನೊಂದು ಅಪಾಯವಿದೆ. ಅಕ್ಷರಗಳಿಗೆ ಸಂಕೇತಸಂಖ್ಯೆ ಕೊಡುವ ಮಾನದಂಡವಾದ ಯೂನಿಕೋಡ್ ಕನ್ನಡಕ್ಕೆ ಮೀಸಲಿಟ್ಟ 128 ಸ್ಥಾನಗಳಲ್ಲಿ ಒತ್ತಕ್ಷರಗಳಿಗೆ ಜಾಗವೇ ಇಲ್ಲ. ಯಾವ ಅಕ್ಷರಗಳ ಬದಲು ಯಾವ ಆಕೃತಿ ಎಂದು ಹೇಳುವ, ಫಾಂಟಿನೊಳಗಿನ ಜಿಸಬ್ ಕೋಷ್ಟಕವೇ ಅವನ್ನು ಜೋಡಿಸುವುದು. ಯೂನಿಕೋಡ್ ಸಂಕೇತವಿಲ್ಲದ ಆಕೃತಿಗಳೆಲ್ಲ ಕಸ ಎಂದುಕೊಂಡು ಕೈಯಾರೆ ಅಳಿಸಿದರೆ 'ಬೆಟ್ಟೆ'ಯ ಟ ಒತ್ತು, 'ತೀರ್ಥಹಳ್ಳಿ'ಯ ಅರ್ಕಾವತ್ತು ಮಾಯವಾಗುತ್ತವೆ. ಈ ಕೆಲಸವನ್ನು ಫಾಂಟ್ ಕಡತಗಳಿಗೆಂದೇ ಇರುವ ತಂತ್ರಾಂಶವಾದ ಫಾಂಟ್‌ಟೂಲ್ಸ್‌ನ ಸಬ್‌ಸೆಟ್ ಉಪಕರಣಕ್ಕೆ ಬಿಡುವುದು ವಾಸಿ, ಅದು ಕೋಷ್ಟಕ ನೋಡಿಯೇ ಕೀಳುತ್ತದೆ.

ಮುಕ್ತ ತಂತ್ರಾಂಶದ ಇನ್ನೊಂದು ಪರವಾನಗಿಯಾದ ಜಿಪಿಎಲ್ ಅಡಿಯ ಫಾಂಟಾದರೆ 'ಫಾಂಟ್ ವಿನಾಯಿತಿ'ಯ ವಾಕ್ಯ ಇದೆಯೇ ನೋಡಿ. ಆ ಸಾಲಿಲ್ಲದಿದ್ದರೆ, ಫಾಂಟ್ ಅಡಕವಾದ ನಿಮ್ಮ ರಶೀದಿಯ ಪಿಡಿಎಫ್‌ಗೂ ಜಿಪಿಎಲ್ ಅನ್ವಯಿಸುತ್ತದೆಯೇ ಎಂಬ ತಕರಾರು ಉಳಿಯುತ್ತದೆ.

ಪರವಾನಗಿಯೇ ಕಾಣದಿದ್ದರೆ ವಿನ್ಯಾಸಕಾರರಿಗೇ ಬರೆಯಿರಿ. 'ಬಳಸಬಹುದೇ?' ಎಂದು ಕೇಳಿದರೆ 'ಧಾರಾಳವಾಗಿ' ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ಆಗದು. ಯಾವ ಪರವಾನಗಿ, ಯಾವ ಆವೃತ್ತಿ ಎಂದೇ ಕೇಳಿ. ಬೇರೆ ಫಾಂಟಿನ ಆಕೃತಿಗಳನ್ನು ತೆಗೆದುಕೊಂಡಿದ್ದಾರೆಯೇ, ಜೊತೆಗೆ ಕೆಲಸ ಮಾಡಿದವರೆಲ್ಲರ ಒಪ್ಪಿಗೆ ಇದೆಯೇ, ತಿದ್ದಲು ಬರುವ ಮೂಲ ಕಡತ ಕೊಡುತ್ತಾರೆಯೇ ಎಂಬುದೂ ಗೊತ್ತಾಗಬೇಕು. ಉತ್ತರ ಬಂದ ಮೇಲೆ ಪರವಾನಗಿಯ ಪೂರ್ಣ ಪಠ್ಯ, ವರ್ಷ ಮತ್ತು ಹೆಸರಿರುವ ಹಕ್ಕುಸ್ವಾಮ್ಯದ ಸಾಲು, ಇವೆರಡನ್ನೂ ಫಾಂಟ್ ಇರುವ ಫೋಲ್ಡರಿನಲ್ಲೇ ಇಡಿ. ಮುಂದಿನ ಆವೃತ್ತಿಯ ಫಾಂಟ್ ಹಾಕಿಕೊಳ್ಳುವಾಗ 13ನೇ ಸಾಲನ್ನು ಮತ್ತೊಮ್ಮೆ ಓದಿ. ಆವೃತ್ತಿ ಬದಲಾದಾಗ ಪರವಾನಗಿಯೂ ಬದಲಾಗುವುದುಂಟು.